ಡ್ರೀಮ್‌ಕಾಸ್ಟ್ ಸೋತದ್ದೇಕೆ?

ಪಿಕ್ಸೆಲ್‌ಪ್ರಿಯ: ಸೆಗಾ ಕಂಪನಿಯ ವಿಡಿಯೊ ಗೇಮ್ ಯಂತ್ರ ಡ್ರೀಮ್‌ಕಾಸ್ಟ್ 1999ರ ಸೆಪ್ಟೆಂಬರ್ 9ರಂದು ಅಮೆರಿಕದ ಅಂಗಡಿಗಳಿಗೆ ಬಂದಾಗ ಬೆಲೆ 199 ಡಾಲರ್. ಅಂತರ್ಜಾಲಕ್ಕೆ ಜೋಡಿಸುವ ಮೋಡೆಮ್ ಒಳಗೇ ಇತ್ತು. ಅದರ ಎದುರಾಳಿ, ಸೋನಿಯ ಪ್ಲೇಸ್ಟೇಷನ್ 2, ಅಲ್ಲಿಗೆ ಬಂದದ್ದು ವರ್ಷ ಕಳೆದ ಮೇಲೆ, ಅದೂ 299 ಡಾಲರ್‌ಗೆ. ಆದರೂ 2001ರಲ್ಲಿ ಸೆಗಾ ಕೈಚೆಲ್ಲಿತು. ಏಕೆ? ಬಲ್ಲವರು ತಿಳಿಸಿ.

ಲೆಕ್ಕಿಗ: ಡಿವಿಡಿ. ಪ್ಲೇಸ್ಟೇಷನ್ 2 ಕೊಂಡರೆ ಮನೆಮಂದಿಯೆಲ್ಲ ಸಿನಿಮಾ ನೋಡಬಹುದಿತ್ತು, ಡ್ರೀಮ್‌ಕಾಸ್ಟ್‌ನಲ್ಲಿ ಆ ಸೌಲಭ್ಯವಿರಲಿಲ್ಲ. ಜೊತೆಗೆ ಆಟಗಳನ್ನು ತಯಾರಿಸುವ ದೊಡ್ಡ ಕಂಪನಿ ಇಎ ಡ್ರೀಮ್‌ಕಾಸ್ಟ್‌ಗೆ ಒಂದು ಆಟವನ್ನೂ ಮಾಡಲಿಲ್ಲ. ಸೆಗಾದ ಹೆಸರು, ವರ್ಚಸ್ಸು ಕುಂದಿದ್ದರಿಂದ ಸೋತಿತು ಎಂದು ಕೆಲವರು ಹೇಳುವುದೆಲ್ಲ ಆಮೇಲೆ ಹೆಣೆದ ಕಥೆ.

ಹಳೆಯ ಆಟಗಾರ: ಲೆಕ್ಕಿಗರೇ, ಡಿವಿಡಿ ಮಾತು ಒಪ್ಪಿದೆ. ಆದರೆ ಅಂಗಡಿಯಲ್ಲೇ ಇಲ್ಲದ ಯಂತ್ರಕ್ಕಾಗಿ ಜನ ವರ್ಷಕ್ಕೂ ಹೆಚ್ಚು ಕಾಲ ಕಾದರಲ್ಲ, ಅದಕ್ಕೇನು ಹೇಳುತ್ತೀರಿ? ಸೆಗಾದ ಮಾತನ್ನು ನಂಬುವವರು ಕಡಿಮೆಯಾಗಿದ್ದರು. 1994ರ ನವೆಂಬರಿನಲ್ಲಿ ತಮ್ಮ ಹಳೆಯ ಯಂತ್ರ ಜೆನೆಸಿಸ್‌ಗೆ ತಗುಲಿಸುವ 32ಎಕ್ಸ್ ಎಂಬ ಪೆಟ್ಟಿಗೆಯನ್ನು ಮಾರಿದರು. ಅದನ್ನು ಕೊಂಡವರ ಖುಷಿ ಆರುವ ಮೊದಲೇ, 1995ರ ಮೇ 11ರಂದು, ಸೆಗಾದ್ದೇ ಹೊಸ ಯಂತ್ರ, 399 ಡಾಲರಿನ ಸ್ಯಾಟರ್ನ್, ದಿಢೀರನೆ ಬಂತು. ಸೆಪ್ಟೆಂಬರಿನಲ್ಲಿ ಬರುತ್ತದೆ ಎಂದಿದ್ದ ಯಂತ್ರ! ಕೆಲವೇ ಅಂಗಡಿಗಳಿಗೆ ಕೊಟ್ಟರು, ಉಳಿದವರು ಕೆರಳಿದರು, ಆಟಿಕೆ ಅಂಗಡಿಗಳ ಸರಣಿಯಾದ ಕೆಬಿ ಟಾಯ್ಸ್‌ನವರಂತೂ ಸ್ಯಾಟರ್ನ್ ಮಾರುವುದಿಲ್ಲ ಎಂದುಬಿಟ್ಟರು. ಅದೇ ದಿನ ಸೋನಿಯ ಪ್ರತಿನಿಧಿ ವೇದಿಕೆಗೆ ಬಂದು, ತಮ್ಮ ಮೊದಲ ಪ್ಲೇಸ್ಟೇಷನ್‌ನ ಬೆಲೆಯಾಗಿ '299' ಎಂದಷ್ಟೇ ಹೇಳಿ ಇಳಿದರು.

ಇನ್ನೊಂದು ವಿಷಯ. ಸೆಗಾದ ವರ್ಚಸ್ಸೆಲ್ಲ ಎದುರಾಳಿ ಕಂಪನಿ ನಿಂಟೆಂಡೊವನ್ನು ಕೆಣಕಿಯೇ ಗಳಿಸಿದ್ದು. 1993ರಲ್ಲಿ ಮಾರ್ಟಲ್ ಕಾಂಬ್ಯಾಟ್ ಎಂಬ ಹೊಡೆದಾಟದ ಆಟ ಬಂದಾಗ ನಿಂಟೆಂಡೊ ತನ್ನ ಯಂತ್ರದಲ್ಲಿ ರಕ್ತವನ್ನು ಬೂದು ಬಣ್ಣದ ಬೆವರಾಗಿಸಿತು. ಜೆನೆಸಿಸ್‌ನಲ್ಲಿ ಗುಂಡಿಗಳನ್ನು ಒಂದು ಗುಟ್ಟಿನ ಕ್ರಮದಲ್ಲಿ ಒತ್ತಿದರೆ ಕೆಂಪು ರಕ್ತ ಚಿಮ್ಮುತ್ತಿತ್ತು. ಹದಿಹರೆಯದವರಿಗೆ ಇನ್ನೇನು ಬೇಕು? 'ಅದು ತಮ್ಮನಿಗೆ, ಇದು ನನಗೆ' ಎನ್ನುವಂತಾಯಿತು. ಜಪಾನಿನಲ್ಲಿ ಇದೇ ಯಂತ್ರ ಮೆಗಾ ಡ್ರೈವ್ ಎಂಬ ಹೆಸರಿನಲ್ಲಿ ಮೂರನೆಯ ಸ್ಥಾನದಲ್ಲಿ ತೆವಳುತ್ತಿತ್ತು, ನೆನಪಿರಲಿ. ಸೋನಿ ಬಂದು ಅದೇ ದೊಡ್ಡವರ ಗತ್ತನ್ನು ಇನ್ನೂ ಚೊಕ್ಕಟವಾಗಿ ತೋರಿಸಿದಾಗ ಸೆಗಾ ಯಾರನ್ನು ಕೆಣಕಬೇಕು?

ಲೆಕ್ಕಿಗ: ಹಾಗಾದರೆ ಅಂಗಡಿಯವರ ಜೊತೆ ಜಗಳವಾಡದ ನಿಂಟೆಂಡೊ 2001ರ ತನ್ನ ಗೇಮ್‌ಕ್ಯೂಬ್ ಯಂತ್ರದಲ್ಲಿ ಹಿಂದೆ ಬಿದ್ದದ್ದು ಹೇಗೆ? ಅದರಲ್ಲೂ ಡಿವಿಡಿ ಸಿನಿಮಾ ಓಡುತ್ತಿರಲಿಲ್ಲ. ನಾನು ಹೇಳಿದ್ದೇ ಸರಿ.

ಹಳೆಯ ಆಟಗಾರ: ನೇರಳೆ ಬಣ್ಣದ ಪುಟ್ಟ ಡಬ್ಬಿ, ಹಿಂದೆ ಎತ್ತಿಕೊಳ್ಳಲು ಹಿಡಿಕೆ. ಕಾಲೇಜು ಹುಡುಗ ಅದನ್ನು ಸ್ನೇಹಿತರ ಕೋಣೆಗೆ ಹೊತ್ತೊಯ್ಯುತ್ತಿದ್ದನೇ, ನೀವೇ ಹೇಳಿ.