ಬದು ಕಿತ್ತ ಮೇಲೆ ಹೊಲದ ಹಕ್ಕಿಗಳು ಕಡಿಮೆಯಾಗಿವೆ: ಅನುಭವವಿದ್ದವರು ತಿಳಿಸಿ

ಪ್ರಶ್ನೆ: ಎರಡು ವರ್ಷಗಳ ಹಿಂದೆ ನಮ್ಮ 5 ಎಕರೆ ಹೊಲದ ನಡುವಿನ ಬದುಗಳನ್ನು ಕಿತ್ತು, ಅಂಚಿನ ಪೊದೆಗಳನ್ನೂ ಸವರಿಸಿದೆವು. ಈಗ ಕಾಗೆ, ಗೊರವಂಕ, ಪಾರಿವಾಳಗಳನ್ನು ಬಿಟ್ಟರೆ ಬೇರೆ ಹಕ್ಕಿಗಳು ಅಪರೂಪ. ಸುತ್ತಲೂ ಮರ ನೆಟ್ಟರೆ ಹಿಂದಿನವು ಮರಳಿ ಬರುತ್ತವೆಯೇ?

ಉತ್ತರ 1: ಮರ ನೆಡುವ ಮುನ್ನ, ಹೋದ ಹಕ್ಕಿಗಳು ಯಾವುವೆಂದು ನೆನಪಿಸಿಕೊಳ್ಳಿ. ಇದೇ ಆತುರದಲ್ಲಿ ನಾನು ಹೊಲದ ನಾಲ್ಕೂ ಕಡೆ ಸಾಲುಮರ ಬೆಳೆಸಿದೆ. ಕಾಜಾಣ, ಮರಕುಟಿಗಗಳು ಬಂದದ್ದು ನಿಜ, ಆದರೆ ಬಯಲಿನಲ್ಲೇ ಮರಿಮಾಡುತ್ತಿದ್ದ ಟಿಟ್ಟಿಭ, ನೆಲಗುಬ್ಬಿಗಳು ಜಾಗ ಬಿಟ್ಟವು. ಟಿಟ್ಟಿಭವು ಹೆಂಟೆಗಳ ನಡುವೆ ನೆಲವನ್ನು ತುಸು ಕೆದರಿ, ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆಗಳಿರುವ ಮೊಟ್ಟೆಗಳನ್ನು, ಸಾಮಾನ್ಯವಾಗಿ ನಾಲ್ಕನ್ನು, ಇಡುತ್ತದೆ. ಎರಡು ಮಾರು ದೂರದಲ್ಲಿ ನಿಂತರೂ ಅವು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮರದ ತುದಿಯಲ್ಲಿ ಕುಳಿತ ಕಾಗೆ ಮಾತ್ರ ತಾಯಿಹಕ್ಕಿ ಎದ್ದುಹೋಗುವ ಜಾಗವನ್ನು ನೋಡಿಟ್ಟುಕೊಳ್ಳುತ್ತದೆ.

ಉತ್ತರ 2: ಮರಕ್ಕಿಂತ ಮೊದಲು ಬದುವನ್ನು ಮತ್ತೆ ಹಾಕಿಸಿ ಎಂಬುದು ನನ್ನ ಸಲಹೆ. ಗೀಜಗ, ಗುಬ್ಬಚ್ಚಿಗಳನ್ನು ಕಾಳು ತಿನ್ನುವ ಹಕ್ಕಿಗಳೆಂದೇ ನಾವು ಎಣಿಸುತ್ತೇವೆ, ಆದರೆ ಅವು ಎಳೆಯ ಮರಿಗಳಿಗೆ ಹೆಚ್ಚಾಗಿ ಉಣಿಸುವುದು ಹುಳುಗಳನ್ನು. ಆ ಹುಳುಗಳು ಬೆಳೆಗೆ ಔಷಧಿ ಹೊಡೆದ ಮೇಲೂ ಅಷ್ಟಿಷ್ಟು ಉಳಿಯುವುದು ಬದುವಿನ ಹುಲ್ಲಿನಲ್ಲಿ. ನಮ್ಮ ಒಂದು ಬದುವಿನ ಹುಲ್ಲನ್ನು ಬೀಜ ಉದುರುವವರೆಗೆ ಕೊಯ್ಯದೆ ಬಿಟ್ಟಾಗ (ಸೋಮಾರಿತನವೆಂದು ಪಕ್ಕದ ಹೊಲದವರು ನಕ್ಕರು) ರಾಟವಾಳಗಳು ಗುಂಪಾಗಿ ಬಂದವು. ಅಲ್ಲಿದ್ದ ಒಂದೇ ಒಂದು ಮುಳ್ಳುಪೊದೆಯಲ್ಲಿ ಕಳಿಂಗ ಹಕ್ಕಿಯು ಮಿಡತೆಗಳನ್ನು ಮುಳ್ಳಿಗೆ ಚುಚ್ಚಿ ಸಾಲಾಗಿ ಇಟ್ಟಿದ್ದನ್ನು ಮೊದಲ ಬಾರಿ ಕಂಡೆ.

ಉತ್ತರ 3: ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಅಂಚಿನಷ್ಟೇ ಹೊಲದ ನಡುಭಾಗವೂ ಮುಖ್ಯ. ಬ್ರಿಟನ್ನಿನಲ್ಲಿ ಶರತ್ಕಾಲದಲ್ಲೇ ಗೋಧಿ ಬಿತ್ತುವ ರೂಢಿ ಹೆಚ್ಚಿದ ಮೇಲೆ, ಸ್ಕೈಲಾರ್ಕ್ ಎಂಬ ನೆಲಗುಬ್ಬಿಯ ಬಳಗದ ಹಕ್ಕಿಗೆ ಎರಡನೆಯ ಸಲ ಮರಿಮಾಡುವ ಹೊತ್ತಿಗೆ ಪೈರು ಕಾಲಿಡಲಾರದಷ್ಟು ಒತ್ತಾಗತೊಡಗಿತು. ಅದಕ್ಕೆ ಅಲ್ಲಿ ಕಂಡುಕೊಂಡ ಉಪಾಯವೆಂದರೆ, ಹೆಕ್ಟೇರಿಗೆ ಎರಡರಂತೆ, ಸುಮಾರು 4 ಮೀಟರ್ ಉದ್ದಗಲದ ತುಣುಕುಗಳನ್ನು ಬಿತ್ತದೆ ಬಿಡುವುದು. ಇಳುವರಿಯಲ್ಲಿ ಆಗುವ ನಷ್ಟ ತೀರಾ ಅಲ್ಪ. ಇನ್ನು ಇಲಿಗಳಿಗೆ ಪಾಷಾಣ ಇಡುವ ಅಭ್ಯಾಸವಿದ್ದರೆ ದಯವಿಟ್ಟು ನಿಲ್ಲಿಸಿ, ಏಕೆಂದರೆ ವಿಷ ತಿಂದ ಇಲಿಯನ್ನು ಹಿಡಿದ ಕಣಜ ಗೂಬೆಯೂ ಸಾಯುತ್ತದೆ. ಕೊಯ್ಲಾದ ಕೂಡಲೇ ಉಳದೆ, ಕೂಳೆಯನ್ನು ಒಂದೆರಡು ತಿಂಗಳು ಹಾಗೆಯೇ ಬಿಟ್ಟು, ಉದುರಿದ ಕಾಳಿಗೆ ಯಾವ ಹಕ್ಕಿಗಳು ಇಳಿಯುತ್ತವೆಂದು ಬೆಳಗಿನ ಹೊತ್ತು ಬರೆದಿಟ್ಟುಕೊಳ್ಳಿ. ಮರ ನೆಡುವ ವಿಚಾರವನ್ನು ಆಮೇಲೆ ನೋಡೋಣ.