ಎರಡು ಪಿಎಸ್4 ಚೆನ್ನಾಗೇ ಓಡ್ತಿವೆ. ಪಿಎಸ್5 ತರಬೇಕಾ?

ಹಿಂದಿನ ರೂಮು:

ಎಲ್ಲರಿಗೂ ನಮಸ್ಕಾರ. ನನ್ನದು ದಾವಣಗೆರೆ. ವಿದ್ಯಾನಗರದಲ್ಲಿ ನಮ್ಮಪ್ಪನ ಮಂಡಕ್ಕಿ-ಮೆಣಸಿನಕಾಯಿ ಅಂಗಡಿ ಇದೆ. ಅದರ ಹಿಂದೆ ಒಂದು ಸಣ್ಣ ರೂಮು. ಮೊದಲು ಅಲ್ಲಿ ಮಂಡಕ್ಕಿ ಚೀಲ ಪೇರಿಸುತ್ತಿದ್ದೆವು. 2018ರಿಂದ ಅಲ್ಲಿ ಎರಡು ಪಿಎಸ್4 (ಪ್ಲೇಸ್ಟೇಷನ್ 4, ಟಿವಿಗೆ ಹಾಕಿ ಆಡುವ ಸೋನಿ ಗೇಮ್ ಮಷೀನ್), ಎರಡು 32 ಇಂಚಿನ ಟಿವಿ, ನಾಲ್ಕು ಪ್ಲಾಸ್ಟಿಕ್ ಕುರ್ಚಿ ಇವೆ. ಗಂಟೆಗೆ 60 ರೂಪಾಯಿ. ಕಾಲೇಜು ಬಿಟ್ಟ ಮೇಲೆ ಹುಡುಗರು ಬರುತ್ತಾರೆ. ಒಂದು ಪ್ಲೇಟ್ ಮೆಣಸಿನಕಾಯಿ ಹೇಳುತ್ತಾರೆ. ಗೇಮ್ ಲೋಡ್ ಆಗುವಷ್ಟರಲ್ಲಿ ತಿಂದು ಮುಗಿಸಿ ಅದೇ ಎಣ್ಣೆ ಕೈಯಲ್ಲಿ ರಿಮೋಟ್ ಹಿಡಿಯುತ್ತಾರೆ. ಕೈ ಒರೆಸಿಕೊಳ್ಳಿ ಅಂತ ಗೋಡೆ ಮೇಲೆ ದೊಡ್ಡದಾಗಿ ಬರೆಸಿದ್ದೇನೆ. ಓದಿದವರು ಯಾರೂ ಇಲ್ಲ.

ಈಗ ವಿಷಯ. ಮೂರು ತಿಂಗಳಿಂದ ದಿನಾ ಒಬ್ಬನಾದರೂ ಕೇಳುತ್ತಾನೆ, "ಅಣ್ಣಾ, ಪಿಎಸ್5 ಯಾವಾಗ?" ಎರಡು ರಸ್ತೆ ಆಚೆ ಒಬ್ಬರು ಪಿಎಸ್5 ಇಟ್ಟು ಗಂಟೆಗೆ 120 ತಗೊಳ್ಳುತ್ತಿದ್ದಾರೆ. ನನಗೂ ಆಸೆ ಇಲ್ಲದಿಲ್ಲ. ಆದರೆ ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾರು ಬಂದರು, ಏನು ಆಡಿದರು, ಎಷ್ಟು ಹೊತ್ತು, ಎಲ್ಲ ಅದರಲ್ಲಿದೆ. ಕಳೆದ ತಿಂಗಳು 212 ಗಂಟೆ ಆಟ ಆಗಿದೆ. ಅದರಲ್ಲಿ 140 ಗಂಟೆ ಬರೀ ಫುಟ್‌ಬಾಲ್. (ಆ ಗೇಮಿನ ಹೆಸರು 2023ರಲ್ಲೇ ಎಫ್‌ಸಿ ಅಂತ ಬದಲಾಗಿದೆ. ನಮ್ಮ ರೂಮಿನಲ್ಲಿ ಅದು ಇನ್ನೂ ಫಿಫಾನೇ.) ಉಳಿದದ್ದು ಕ್ರಿಕೆಟ್ 24, ಹೊಡೆದಾಟದ ಟೆಕ್ಕನ್ 7, ಕಾರು ಕದಿಯುವ ಜಿಟಿಎ 5. ಇವೆಲ್ಲ ಪಿಎಸ್4ನಲ್ಲೇ ಓಡುತ್ತವೆ. ಜಿಟಿಎ 5 ಅಂತೂ 2013ರಲ್ಲಿ ಪಿಎಸ್3ಗೆ ಬಂದ ಗೇಮು. ಪಿಎಸ್4, ಪಿಎಸ್5 ಎರಡಕ್ಕೂ ಮತ್ತೆ ಬಂತು. ಮೂರು ತಲೆಮಾರಿನ ಮಷೀನಲ್ಲಿ ಒಂದೇ ಕಾರು ಕದಿಯುತ್ತಿದ್ದೇವೆ.

ಲೆಕ್ಕ ನೋಡಿ. ಸಿಡಿ ಹಾಕುವ ಪಿಎಸ್5 ನಮ್ಮ ದೇಶಕ್ಕೆ 2021ರ ಫೆಬ್ರವರಿಯಲ್ಲಿ ಬಂದಾಗ 49,990 ಇತ್ತು. ಆಮೇಲೆ 54,990 ಮಾಡಿದರು. ಫೋನು, ಟಿವಿ ಹಳೆಯದಾದಂತೆ ಅಗ್ಗ ಆಗುತ್ತವೆ, ಇದು ಮಾತ್ರ ಏರಿತು! ಇನ್ನೊಂದು ರಿಮೋಟ್‌ಗೆ ಸುಮಾರು 6 ಸಾವಿರ. ಒಟ್ಟು 61 ಸಾವಿರ ಅಂದುಕೊಳ್ಳಿ. ನನ್ನ ರೇಟಿನಲ್ಲಿ ಸಾವಿರ ಗಂಟೆಗೂ ಮೇಲೆ ಆಡಿಸಬೇಕು, ಆಗ ಹಾಕಿದ ದುಡ್ಡು ಬರುತ್ತೆ.

ಒಂದೇ ಒಂದು ದೂರು ನ್ಯಾಯ ಅನ್ನಿಸಿತು. ಹೋದ ಶನಿವಾರ ಒಬ್ಬ ಹುಡುಗ ಹೇಳಿದ, "ಅಣ್ಣಾ, ಲೋಡಿಂಗ್ ಟೈಮ್ ಕಳೆದು ದುಡ್ಡು ತಗೊಳ್ಳಿ." ಫೋನಿನಲ್ಲಿ ಅಳೆದೆ. ಫುಟ್‌ಬಾಲ್ ಒತ್ತಿದ್ದರಿಂದ ಮ್ಯಾಚ್ ಶುರುವಾಗುವವರೆಗೆ 1 ನಿಮಿಷ 50 ಸೆಕೆಂಡ್. ಜಿಟಿಎಗೆ ಇನ್ನೂ ಜಾಸ್ತಿ. ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುವವನಿಗೆ ಹೊಟ್ಟೆ ಉರಿಯದೆ ಇರುತ್ತಾ?

ಇವರಿಗೆ ನಿಜಕ್ಕೂ ಹೊಸ ಮಷೀನ್ ಬೇಕಾ, ಅಥವಾ ಹೆಸರು ಬೇಕಾ? ಇಟ್ಟುಕೊಂಡವರು, ಆಡಿದವರು ಹೇಳಿ.

ನಿಟುವಳ್ಳಿ ನೈಟ್ ಶಿಫ್ಟ್:

ನಾನು ಪಿಎಸ್1 ಕಾಲದಿಂದ ಆಡುತ್ತಿದ್ದೇನೆ. ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ಅದರಲ್ಲೇ ಕಥೆ ಇದೆ. ಪಿಎಸ್1ನಲ್ಲಿ ಮುಖ್ಯ ಮೆಮೊರಿ 2 ಎಂಬಿ. ಪಿಎಸ್2ನಲ್ಲಿ 32 ಎಂಬಿ. ಪಿಎಸ್3ನಲ್ಲಿ ಎರಡು ಭಾಗ ಸೇರಿ 512 ಎಂಬಿ. ಪಿಎಸ್4ನಲ್ಲಿ 8 ಜಿಬಿ. ಪ್ರತಿ ಸಲವೂ 16 ಪಟ್ಟು! ಪಿಎಸ್5ಗೆ ಬಂದಾಗ 16 ಜಿಬಿ. ಬರೀ ಎರಡು ಪಟ್ಟು.

ಅದಕ್ಕೇ ಹಿಂದೆಲ್ಲ ಹೊಸ ಮಷೀನ್ ಬಂದರೆ ಅಮ್ಮನಿಗೂ ಗೊತ್ತಾಗುತ್ತಿತ್ತು, "ಈ ಸಲ ಮನುಷ್ಯರು ಮನುಷ್ಯರ ಹಾಗೇ ಕಾಣ್ತಾರೆ" ಅಂತ. ಈಗ ಪಕ್ಕಪಕ್ಕ ಇಟ್ಟು ತೋರಿಸಿದರೂ ಎಲ್ಲಿ ವ್ಯತ್ಯಾಸ ಅಂತ ಕೇಳುತ್ತಾರೆ. ಅದೂ ನಿಮ್ಮ 32 ಇಂಚಿನ ಟಿವಿಯಲ್ಲಿ! ಅದು ಎಚ್‌ಡಿ ರೆಡಿ ಆಗಿದ್ದರೆ 4ಕೆ ಅನ್ನುವ ತುಂಬಾ ಸ್ಪಷ್ಟ ಚಿತ್ರದ ಮಾತೇ ಬೇಡ. ಫುಟ್‌ಬಾಲ್ ಪಿಎಸ್4ನಲ್ಲೇ ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಓಡುತ್ತೆ. ನಿಮ್ಮ 140 ಗಂಟೆಯ ಹುಡುಗರಿಗೆ ಹೊಸದು ಅಂತ ಸಿಗುವುದು ತುಂಬಾ ಕಮ್ಮಿ.

ಈ ಸಲದ ನಿಜವಾದ ಬದಲಾವಣೆ ಚಿತ್ರದಲ್ಲಿಲ್ಲ, ಡಿಸ್ಕಿನಲ್ಲಿದೆ. ಪಿಎಸ್4 ಒಳಗಿರುವುದು ತಿರುಗುವ ಹಾರ್ಡ್ ಡಿಸ್ಕ್. ಡೇಟಾ ಓದುವ ಮುಳ್ಳು ಆ ಕಡೆ ಈ ಕಡೆ ಓಡಾಡಿ ಹುಡುಕಬೇಕು. 2020ರಲ್ಲಿ ಪಿಎಸ್5 ಬಗ್ಗೆ ಅದನ್ನು ರೂಪಿಸಿದ ಮಾರ್ಕ್ ಸರ್ನಿ ಒಂದು ಭಾಷಣ ಮಾಡಿದ್ದರು. ಮುಳ್ಳಿನ ಓಡಾಟ ತಪ್ಪಿಸಲು ಸ್ಪೈಡರ್‌ಮ್ಯಾನ್ ಗೇಮಿನಲ್ಲಿ ಕೆಲವು ವಸ್ತುಗಳ ಡೇಟಾವನ್ನು ಡಿಸ್ಕಿನ 400 ಕಡೆ ಬರೆದಿದ್ದರಂತೆ. ಒಂದೇ ಉಪ್ಪಿನ ಡಬ್ಬಿಯನ್ನು ಮನೆಯ ಎಲ್ಲ ಮೂಲೆಯಲ್ಲೂ ಇಟ್ಟ ಹಾಗೆ. ಪಿಎಸ್5ನ ಎಸ್‌ಎಸ್‌ಡಿ (ತಿರುಗುವ ಭಾಗವೇ ಇಲ್ಲದ ಡಿಸ್ಕ್) ಸೆಕೆಂಡಿಗೆ 5.5 ಜಿಬಿ ಓದುತ್ತೆ, ಆ ಸರ್ಕಸ್ ಬೇಕಿಲ್ಲ. ನಿಮ್ಮ ಹುಡುಗ ದೂರಿದ್ದು ಸರಿಯಾದ ಜಾಗದ ಬಗ್ಗೇನೇ.

ಕೋಟೆ ಕೆಳಗಿನ ರಿಪೇರಿ:

ಚಿತ್ರದುರ್ಗದಿಂದ. ಅಣ್ಣಾ, 61 ಸಾವಿರ ಜೇಬಲ್ಲೇ ಇರಲಿ. ಮೊದಲು ಒಂದು ಪಿಎಸ್4ಗೆ ಎಸ್‌ಎಸ್‌ಡಿ ಹಾಕಿ ನೋಡಿ. 2.5 ಇಂಚಿನ ಸಾಟಾ, ಲ್ಯಾಪ್‌ಟಾಪಿಗೆ ಹಾಕುವುದೇ. ಡಿಸ್ಕ್ ಬದಲಿಸಿಕೊಳ್ಳಬಹುದು ಅಂತ ಕಂಪನಿಯೇ ಹೇಳಿದೆ, ಕಳ್ಳದಾರಿ ಅಲ್ಲ. ನಿಮ್ಮದು ಸ್ಲಿಮ್ (ತೆಳು ಮಾಡೆಲ್) ಆಗಿದ್ದರೆ ಹಿಂದಿನ ಮೂಲೆಯ ಮುಚ್ಚಳ ಜಾರಿಸಿ, ಒಂದು ಸ್ಕ್ರೂ ಬಿಚ್ಚಿದರೆ ಡಿಸ್ಕ್ ಹೊರಗೆ ಬರುತ್ತೆ.

ಮೊದಲು ಸೇವ್‌ಗಳನ್ನು (ಆಟ ಎಲ್ಲಿಗೆ ಬಂದಿದೆ ಅನ್ನುವ ದಾಖಲೆ) ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಹೊಸ ಡಿಸ್ಕ್ ಹಾಕಿದ ಮೇಲೆ ಸಾಫ್ಟ್‌ವೇರ್ ಪೂರ್ತಿ ಮತ್ತೆ ತುಂಬಬೇಕು. ಇಲ್ಲಿ ಹತ್ತರಲ್ಲಿ ಆರು ಜನ ಎಡವುತ್ತಾರೆ. ಸೈಟಿನಲ್ಲಿ ಎರಡು ಫೈಲ್ ಇರುತ್ತೆ. ಚಿಕ್ಕದು ಬರೀ ಅಪ್‌ಡೇಟ್. ನಿಮಗೆ ಬೇಕಾದ್ದು ಪೂರ್ತಿ ಇನ್‌ಸ್ಟಾಲ್ ಮಾಡುವ ದೊಡ್ಡದು. ಚಿಕ್ಕದು ಹಾಕಿ "ಮಷೀನ್ ಸತ್ತೋಯ್ತು" ಅಂತ ನನ್ನ ಹತ್ತಿರ ಹೊತ್ತು ತರುತ್ತಾರೆ. ಪಿಎಸ್5ನಷ್ಟು ವೇಗ ಬರಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ.

ಇನ್ನೊಂದು ಪ್ರಶ್ನೆ. ಮೆಣಸಿನಕಾಯಿ ಬಾಣಲೆಗೂ ನಿಮ್ಮ ರೂಮಿಗೂ ನಡುವೆ ಬಾಗಿಲು ಇದೆಯಾ? ಫ್ಯಾನಿನಲ್ಲಿ ಧೂಳು ಮಾತ್ರ ಇದ್ದರೆ ಬ್ರಶ್ಶಿಗೆ ಹೋಗುತ್ತೆ. ಧೂಳಿಗೆ ಎಣ್ಣೆ ಹೊಗೆ ಸೇರಿದರೆ ಅದು ಮೇಣ ಆಗುತ್ತೆ. ಫ್ಯಾನ್ ವಿಮಾನದ ಹಾಗೆ ಕೂಗುತ್ತಿದ್ದರೆ ಬಿಚ್ಚಿ ತೊಳೆಸಿ, ಚಿಪ್ಪಿನ ಬಿಸಿ ಹೊರಗೆ ಸಾಗಿಸುವ ಥರ್ಮಲ್ ಪೇಸ್ಟ್ ಬದಲಿಸಿ.

ಎಂಸಿಸಿ ಬಿ ಬ್ಲಾಕ್ ಅಕ್ಕ:

ಎಲ್ಲರೂ ಪಿಎಸ್5 ಬೇಡ ಅಂತಿದ್ದೀರಲ್ಲ, ನಾನೊಬ್ಬಳು ಬೇಕು ಅನ್ನುತ್ತೇನೆ. ಮಗನಿಗೆ ಅಂತ ಹೇಳಿ ತಂದೆ. ಅವನು ಆಡುವುದು ಫೋರ್ಟ್‌ನೈಟ್, ಅದು ಪಿಎಸ್4ನಲ್ಲೂ ಇತ್ತು. ಆಡುವವಳು ನಾನೇ. ಟೆಕ್ಕನ್ 8 ಪಿಎಸ್4ಗೆ ಇಲ್ಲ. ಸ್ಪೈಡರ್‌ಮ್ಯಾನ್ 2 ಇಲ್ಲ. ಜಿಟಿಎ 6 ಕೂಡ ಪಿಎಸ್4ಗೆ ಅಂತ ಹೇಳಿಲ್ಲ. ಮೊದಲ ಎರಡು ವರ್ಷ ಹೆಚ್ಚಿನ ದೊಡ್ಡ ಗೇಮ್‌ಗಳು ಎರಡಕ್ಕೂ ಬರುತ್ತಿದ್ದವು, ನಿಜ. ಗಾಡ್ ಆಫ್ ವಾರ್ ರಾಗ್ನರಾಕ್ 2022ರಲ್ಲೂ ಪಿಎಸ್4ಗೆ ಬಂತು. ಆ ಕಾಲ ಮುಗಿಯುತ್ತಾ ಬಂತು ತಮ್ಮಾ.

ತರುವುದಾದರೆ ಒಂದು ಮಾತು ನೆನಪಿರಲಿ. ಹಳೆ ಪಿಎಸ್4 ಸಿಡಿ ಅದರಲ್ಲಿ ಓಡುತ್ತೆ. ಹಳೆ ರಿಮೋಟ್ ಮಾತ್ರ ಪಿಎಸ್5 ಗೇಮ್‌ಗಳಿಗೆ ಕೆಲಸ ಮಾಡಲ್ಲ. ನನ್ನ ತಮ್ಮ ಹಬ್ಬಕ್ಕೆ ಬಂದಾಗ ಗೊತ್ತಾಯಿತು. ಟೆಕ್ಕನ್ ಹಾಕಿ ಕೂತೆವು, ಅವನ ಕೈಯಲ್ಲಿದ್ದದ್ದು ಬರೀ ಪ್ಲಾಸ್ಟಿಕ್. ಸಿಡಿ ಇಲ್ಲದ ಡಿಜಿಟಲ್ ಮಾಡೆಲ್ ಅಂತೂ ನಿಮ್ಮಂಥವರು ಮುಟ್ಟಲೇಬೇಡಿ. ಸೆಕೆಂಡ್ ಹ್ಯಾಂಡ್ ಸಿಡಿ ಕೊಳ್ಳಲೂ ಆಗಲ್ಲ, ಮಾರಲೂ ಆಗಲ್ಲ.

ಗುಂಡಿ ಸರ್ಕಲ್:

ಸುಮ್ನೆ ಮೆಣಸಿನಕಾಯಿ ರೇಟ್ ಏರಿಸಿ ಮಾರಾಯ್ರೆ.

ಹಿಂದಿನ ರೂಮು:

ಎಲ್ಲರಿಗೂ ಥ್ಯಾಂಕ್ಸ್. ರಿಪೇರಿ ಅಣ್ಣಾ, ಬಾಗಿಲು ಇಲ್ಲ. ಪರದೆ ಇದೆ. ಪರದೆಯ ಬಣ್ಣ ಈಗ ಏನು ಅಂತ ಹೇಳುವುದು ಬೇಡ.

ಅಪ್ಪನಿಗೆ ಲೆಕ್ಕ ತೋರಿಸಿದೆ. ಅವರು ಗೇಮ್ ಆಡಿದವರಲ್ಲ. ಆದರೂ ಒಂದೇ ಪ್ರಶ್ನೆ ಕೇಳಿದರು. "ಆ ಸಾವಿರ ಗಂಟೆ ಹೊಸ ಗಿರಾಕಿದಾ, ಈಗ ಇರೋ ಗಿರಾಕಿ ಕುರ್ಚಿ ಬದಲಿಸಿ ಕೂತಿದ್ದಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೆ ನೋಟ್‌ಬುಕ್‌ನಲ್ಲಿ ಹೊಸ ಗೆರೆ ಎಳೆದಿದ್ದೇನೆ: ಕೇಳಿದರು, ಇರಲಿಲ್ಲ. ಮೂರು ವಾರ ಬಿಟ್ಟು ಬರುತ್ತೇನೆ.

ಹಿಂದಿನ ರೂಮು, ಮೂರು ವಾರದ ಮೇಲೆ:

ಬಂದೆ. ಪಿಎಸ್5 ಇದೆಯಾ ಅಂತ ಕೇಳಿದವರು 44. ಅದರಲ್ಲಿ ಇಲ್ಲ ಅಂದಾಗ ಕೂತು ಫುಟ್‌ಬಾಲ್ ಆಡಿದವರು 31. ಟೆಕ್ಕನ್ 8 ಬೇಕು ಅಂತ ಎದ್ದು ಹೋದವರು 9. ಅಕ್ಕ ಹೇಳಿದ್ದು ಇವರ ಬಗ್ಗೆಯೇ. ಸ್ಪೈಡರ್‌ಮ್ಯಾನ್ 2 ಕೇಳಿದವರು ಇಬ್ಬರು. ಇನ್ನಿಬ್ಬರು ಏನೂ ಹೇಳದೆ ಹೋದರು. ಮೂರು ವಾರಕ್ಕೆ 9 ಜನ ಅಂದರೆ ಪಿಎಸ್5 ತರುವಷ್ಟಿಲ್ಲ. ಜಿಟಿಎ 6 ಕೇಳುವವರು ಜಾಸ್ತಿ ಆದ ದಿನ ಒಂದು ತರುತ್ತೇನೆ, ಒಂದೇ ಒಂದು. ಗೆರೆ ಅಳಿಸಿಲ್ಲ.

ಎಡಗಡೆ ಮಷೀನಿಗೆ ಎಸ್‌ಎಸ್‌ಡಿ ಹಾಕಿದೆ. ಮೊದಲ ಸಲ ನಾನೂ ಚಿಕ್ಕ ಫೈಲನ್ನೇ ಹಾಕಿದ್ದೆ, ಬಯ್ಯಬೇಡಿ. ಈಗ ಫುಟ್‌ಬಾಲ್ 1 ನಿಮಿಷ 5 ಸೆಕೆಂಡಿಗೆ ಶುರು ಆಗುತ್ತೆ. ಹುಡುಗರು ಎಡಗಡೆ ಕುರ್ಚಿಗೆ ಜಗಳ ಆಡುತ್ತಾರೆ. ಬಲಗಡೆಯದಕ್ಕೂ ಹಾಕೋಣ ಅಂತಿದ್ದೆ, ಅಪ್ಪ ಬೇಡ ಅಂತಿದ್ದಾರೆ. ಎಡಗಡೆ ಕೂತವರು ಮೆಣಸಿನಕಾಯಿ ಹೇಳುತ್ತಿಲ್ಲವಂತೆ, ತಿನ್ನಲು ಟೈಮೇ ಸಿಗಲ್ಲವಂತೆ.