ಬೆಂಗಳೂರಿನಲ್ಲಿ ಬಾರ್ ಲೈಸೆನ್ಸ್ ಹರಾಜು: ಇನ್ನೂ ಬೇಕಾ, ಇದ್ದದ್ದೇ ಸಾಕಾ?

(ಓದುಗರ ಚರ್ಚೆ. ಪ್ರತಿ ಮಾತಿನ ಮೇಲಿರುವುದು ಮಾತಾಡಿದವರ ಅಡ್ಡಹೆಸರು.)

ಹಳೇ ಬಡಾವಣೆ

ವಿಷಯ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. 1992ರಿಂದ ಕರ್ನಾಟಕದಲ್ಲಿ ಹೊಸ ವೈನ್ ಸ್ಟೋರ್ ಲೈಸೆನ್ಸ್, ಅಂದರೆ ಸಿಎಲ್-2, ಕೊಡುತ್ತಿರಲಿಲ್ಲ. ಬಾರ್ ಅಂಡ್ ರೆಸ್ಟೋರೆಂಟಿನ ಸಿಎಲ್-9 ಕೂಡ ಅಷ್ಟೇ. 2025-26ರ ಬಜೆಟ್‌ನಲ್ಲಿ ಸರ್ಕಾರ ಹೊಸ ಮಾತು ತೆಗೆಯಿತು. ಹಂಚಿಕೆಯಾಗದೆ ಉಳಿದ ಲೈಸೆನ್ಸ್‌ಗಳನ್ನು ಇ-ಹರಾಜು ಹಾಕುತ್ತೇವೆ ಎಂದಿತು. ಬೆಂಗಳೂರಿನ ಬಾರ್‌ಗಳಿಗೆ ರಾತ್ರಿ ಒಂದು ಗಂಟೆವರೆಗೆ ಅನುಮತಿ ಅದಕ್ಕೂ ಮೊದಲೇ, 2024ರ ಆಗಸ್ಟ್‌ನಲ್ಲೇ ಸಿಕ್ಕಿದೆ.

ಕುಡಿಯುವವರ ಮೇಲೆ ನನ್ನ ತಕರಾರಿಲ್ಲ. ಯಾರು ಏನು ಕುಡಿದರೆ ನನಗೇನು? ನಮ್ಮ ರಸ್ತೆ ಕತೆ ಕೇಳಿ. ಬಸ್ ಸ್ಟಾಪಿನಿಂದ ದೇವಸ್ಥಾನದ ತನಕ ನಡೆದರೆ ಒಂದು ವೈನ್ ಸ್ಟೋರ್, ಒಂದು ಬಾರ್, ಜೊತೆಗೆ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಎಂದು ಬೋರ್ಡು ಹಾಕಿಕೊಂಡ ಇನ್ನೊಂದು ಬಾರ್. ಆ ಲಾಡ್ಜಿಗೆ ಸೂಟ್‌ಕೇಸ್ ಹಿಡಿದು ಬಂದವರನ್ನು ನಾನಂತೂ ನೋಡಿಲ್ಲ. ಪ್ರೈಮರಿ ಶಾಲೆಯ ಹಿಂದಿನ ಕಾಂಪೌಂಡಿಗೆ ಬಾರಿನ ಅಡುಗೆಮನೆ ಗೋಡೆ ಅಂಟಿಕೊಂಡಿದೆ. ಮಕ್ಕಳು ಊಟಕ್ಕೆ ಕೂರುವ ಹೊತ್ತಿಗೆ ಸರಿಯಾಗಿ ಆ ಕಡೆಯಿಂದ ಕಬಾಬ್ ಕರಿಯುವ ವಾಸನೆ. ದೂರು ಕೊಟ್ಟರೆ ‘ಅಂತರ ಸರಿಯಾಗಿದೆ’ ಎಂಬ ಉತ್ತರ ಬಂತು. ಹೀಗಿರುವಾಗ ಇನ್ನಷ್ಟು ಲೈಸೆನ್ಸ್ ಯಾಕೆ?

ಲೆಕ್ಕಪತ್ರ

ಅಂತರದ ವಿಷಯ ಮೊದಲು ಮುಗಿಸೋಣ. ಶಾಲೆ, ಆಸ್ಪತ್ರೆ, ದೇವಸ್ಥಾನ, ಮಸೀದಿ, ಚರ್ಚಿನಿಂದ 100 ಮೀಟರ್ ದೂರ ಇರಬೇಕು ಎಂದು 1967ರ ಅಬಕಾರಿ ನಿಯಮ ಹೇಳುತ್ತದೆ. ಆದರೆ ಅದನ್ನು ಗೋಡೆಯಿಂದ ಗೋಡೆಗೆ ಅಳೆಯುವುದಿಲ್ಲ. ಅಂಗಡಿ ಬಾಗಿಲಿನಿಂದ ಶಾಲೆ ಗೇಟಿಗೆ ಜನ ಮಾಮೂಲಾಗಿ ನಡೆದು ಹೋಗುವ ದಾರಿಯನ್ನು ಅಳೆಯುತ್ತಾರೆ. ಶಾಲೆ ಗೇಟು ಆಚೆ ಬೀದಿಗೆ ಇದ್ದರೆ, ಸುತ್ತು ಹಾಕಿಕೊಂಡು ಹೋಗುವಷ್ಟರಲ್ಲಿ 100 ಮೀಟರ್ ದಾಟಿರುತ್ತದೆ. ನಿಮಗೆ ಬಂದ ಉತ್ತರ ಕಾಗದದ ಮೇಲೆ ಸರಿಯೇ. ಆ ನಿಯಮವನ್ನು ಬದಲಿಸಿ ಎಂದು ಕೇಳಿ, ನಾನೂ ಸಹಿ ಹಾಕುತ್ತೇನೆ. ಅದನ್ನು ಹರಾಜಿನ ತಲೆಗೆ ಕಟ್ಟಬೇಡಿ.

ಹರಾಜು ಯಾಕೆ ಸರಿ ಅಂದರೆ, 1992ರಲ್ಲಿ ನಿಂತಿದ್ದು ಲೈಸೆನ್ಸ್ ಮಾತ್ರ, ಊರು ನಿಲ್ಲಲಿಲ್ಲ. 1991ರ ಜನಗಣತಿಯಲ್ಲಿ 41 ಲಕ್ಷ ಜನ ಇದ್ದ ಬೆಂಗಳೂರು 2011ಕ್ಕೆ 84 ಲಕ್ಷ ದಾಟಿತು. ಹೊಸದು ಸಿಗಲ್ಲ ಅಂದ ಮೇಲೆ ಹಳೆ ಲೈಸೆನ್ಸಿಗೆ ಬೆಲೆ ಬಂತು. ಈಗ ಒಂದು ಲೈಸೆನ್ಸ್ ಕೈ ಬದಲಾಗುವುದು ಕೋಟಿಗಳ ಲೆಕ್ಕದಲ್ಲಿ. ಆ ದುಡ್ಡಿನಲ್ಲಿ ಸರ್ಕಾರಕ್ಕೆ ಸಿಗುವುದು ವರ್ಗಾವಣೆ ಶುಲ್ಕ ಮಾತ್ರ, ಉಳಿದದ್ದು ಮೂವತ್ತು ವರ್ಷದ ಹಿಂದೆ ಅದೃಷ್ಟ ಇದ್ದವರ ಮನೆಗೆ.

ಅಷ್ಟಕ್ಕೂ ಅಂಗಡಿ ಹೆಚ್ಚುವುದು ನಿಂತಿತಾ? ಲಾಡ್ಜ್ ಹೆಸರಿನ ಸಿಎಲ್-7 ಲೈಸೆನ್ಸ್ ಕೊಡುತ್ತಲೇ ಬಂದರು. ಸರ್ಕಾರಿ ಕಂಪನಿ ಎಂಎಸ್‌ಐಎಲ್‌ನ ಮದ್ಯದ ಮಳಿಗೆಗಳು ಬಂದವು. ನಿಮ್ಮ ರಸ್ತೆಯ ಸೂಟ್‌ಕೇಸ್ ಇಲ್ಲದ ಲಾಡ್ಜ್ ಇದೆಯಲ್ಲ, ಅದು ಈ ನಿಲ್ಲಿಸಿದ ನಾಟಕದ ಫಲ.

ಕೌಂಟರ್ ಹಿಂದೆ

ಲೆಕ್ಕಪತ್ರ ಸಾರ್, ಲೆಕ್ಕ ಚೆನ್ನಾಗಿದೆ. ಕೌಂಟರಿನ ಈ ಕಡೆಯಿಂದ ಒಂದು ಸಲ ನೋಡಿ. ನಾನು ವೈನ್ ಸ್ಟೋರ್ ಕೆಲಸದವನು.

ನಾವು ಸರಕು ತರುವುದು ಒಂದೇ ಕಡೆಯಿಂದ, ಸರ್ಕಾರದ ಕೆಎಸ್‌ಬಿಸಿಎಲ್ ಡಿಪೋದಿಂದ. ಬಾಟಲಿ ಮೇಲೆ ಎಂಆರ್‌ಪಿ ಅಚ್ಚಾಗಿರುತ್ತದೆ. ನಮ್ಮ ಮಾರ್ಜಿನ್ ಎಷ್ಟು ಅಂತ ಅವರೇ ಹೇಳುತ್ತಾರೆ. 2024ರ ನವೆಂಬರ್‌ನಲ್ಲಿ ಅಂಗಡಿಯವರು ಮಾರ್ಜಿನ್ ಶೇ 20 ಮಾಡಿ ಎಂದು ಬಂದ್‌ಗೆ ಕರೆ ಕೊಟ್ಟರು, ಮುಖ್ಯಮಂತ್ರಿ ಜೊತೆ ಸಭೆ ಆದ ಮೇಲೆ ಕೈಬಿಟ್ಟರು. ಈಗ ಹೇಳಿ, ಹರಾಜಿನಲ್ಲಿ ಕೋಟಿ ಸುರಿದವನು ಅದನ್ನು ಹೇಗೆ ಎತ್ತುತ್ತಾನೆ? ಬೆಲೆ ಅವನ ಕೈಲಿಲ್ಲ. ಮಾರ್ಜಿನ್ ಅವನ ಕೈಲಿಲ್ಲ. ಉಳಿದದ್ದು ಎರಡೇ ದಾರಿ. ಒಂದು, ಜಾಸ್ತಿ ಮಾರುವುದು. ಇನ್ನೊಂದು, ಎಂಆರ್‌ಪಿ ಮೇಲೆ ಹತ್ತು ಇಪ್ಪತ್ತು ಕೀಳುವುದು.

ಜಾಸ್ತಿ ಮಾರುವುದು ಅಂದರೆ ಹೇಗೆ ಗೊತ್ತಾ? ಬೆಳಿಗ್ಗೆ ಹತ್ತಕ್ಕೆ ಶಟರ್ ಅರ್ಧ ಎತ್ತುವಾಗಲೇ ಅದೇ ಐದಾರು ಮುಖಗಳು ಮೆಟ್ಟಿಲ ಮೇಲೆ ಕೂತಿರುತ್ತವೆ. ಕೈಯಲ್ಲಿ ಮಡಚಿದ ನೋಟು, ಉಳಿದ ಚಿಲ್ಲರೆ ಮುಷ್ಟಿಯಲ್ಲಿ. ಬ್ರ್ಯಾಂಡ್ ಕೇಳುವುದಿಲ್ಲ, ‘ಕಮ್ಮೀದು ಕೊಡಿ’ ಅಷ್ಟೇ. 180 ಎಂಎಲ್ ಟೆಟ್ರಾ ಪ್ಯಾಕ್ ತೆಗೆದುಕೊಂಡು ಪಕ್ಕದ ತಳ್ಳುಗಾಡಿಗೆ ಹೋಗುತ್ತಾರೆ. ಪ್ಲಾಸ್ಟಿಕ್ ಲೋಟ, ನೀರಿನ ಪ್ಯಾಕೆಟ್, ಉಪ್ಪಿನಕಾಯಿ ಎಲ್ಲಾ ಅಲ್ಲೇ. ಸಿಎಲ್-2ನಲ್ಲಿ ಕುಡಿಸುವ ಹಾಗಿಲ್ಲ, ಸರಿ. ತಳ್ಳುಗಾಡಿ ಅಂಗಡಿಯ ಜಾಗವಲ್ಲವಲ್ಲ! ಗಾಡಿಯವನು ದಿನದ ಬಾಡಿಗೆ ಕೊಡುವುದು ಮಾತ್ರ ಅಂಗಡಿಯವರಿಗೆ. ಹರಾಜಿನ ಬೆಲೆ ಏರಿದಷ್ಟೂ ಇಂಥ ಗಾಡಿಗಳು ಜಾಸ್ತಿ ಆಗುತ್ತವೆ, ಬರೆದಿಟ್ಟುಕೊಳ್ಳಿ.

ಎರಡು ಪೆಗ್

2025ರ ಮಾರ್ಚ್‌ನಲ್ಲಿ ಒಬ್ಬ ಶಾಸಕರು ಸದನದಲ್ಲೇ ‘ಗಂಡಸರಿಗೆ ವಾರಕ್ಕೆ ಎರಡು ಬಾಟಲಿ ಫ್ರೀ ಕೊಡಿ’ ಎಂದರು. ನಾವು ಅಷ್ಟೆಲ್ಲ ಕೇಳುತ್ತಿಲ್ಲ ಸ್ವಾಮಿ. ಎಂಆರ್‌ಪಿಗೆ ಕೊಡಿ, ಬಿಲ್ ಕೊಡಿ. 2023ರ ಜುಲೈ ಬಜೆಟ್‌ನಲ್ಲಿ ಬ್ರಾಂದಿ, ವಿಸ್ಕಿ ಮೇಲಿನ ಹೆಚ್ಚುವರಿ ಸುಂಕ ಶೇ 20 ಏರಿತು. ಬಿಯರಿಗೂ ಬಿತ್ತು. ಸರ್ಕಾರದ ಗ್ಯಾರಂಟಿ ಯೋಜನೆಗಳ ದುಡ್ಡೆಲ್ಲಾ ನಮ್ಮ ಗಂಟಲಿನಿಂದಲೇ ಹೋಗುತ್ತಿದೆ. ಅಂಗಡಿ ಹೆಚ್ಚಾದರೆ ಪೈಪೋಟಿ ಆಗುತ್ತೆ, ಮೇಲೆ ಹತ್ತು ರೂಪಾಯಿ ಕೇಳುವ ಧೈರ್ಯ ಕಡಿಮೆ ಆಗುತ್ತೆ. ನನ್ನ ಓಟು ಹರಾಜಿಗೆ.

ತುಂಗಭದ್ರೆ

ನಿಮ್ಮ ಗಂಟಲಿನಿಂದ ಅಂತೀರಿ. ನಮ್ಮ ಕಡೆ ಅದು ಹೋಗುವುದು ಮನೆಯ ಡಬ್ಬಿಯಿಂದ.

ನಾನು ರಾಯಚೂರಿನವಳು, ಈಗ ಬೆಂಗಳೂರಿನಲ್ಲಿದ್ದೇನೆ. 2019ರ ಜನವರಿಯಲ್ಲಿ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನ ತನಕ ನಡೆದು ಬಂದರು, ಮದ್ಯ ನಿಷೇಧ ಮಾಡಿ ಎಂದು. ಸುಮಾರು ಇನ್ನೂರು ಕಿಲೋಮೀಟರ್. ನಮ್ಮ ಜಿಲ್ಲೆಯವರೂ ತುಂಬಾ ಜನ ಇದ್ದರು. ಕೂಲಿ ಬಿಟ್ಟು ಬಂದವರು ಅವರು. ಟಿವಿಯಲ್ಲಿ ಒಂದೆರಡು ದಿನ ತೋರಿಸಿದರು, ಮುಗೀತು. ಇಲ್ಲಿ ಮಾತ್ರ ವಿಷಯ ಬಂದಾಗಲೆಲ್ಲ ಎರಡು ಬಾಟಲಿ ಜೋಕು.

2025-26ಕ್ಕೆ ಅಬಕಾರಿ ಗುರಿ 40,000 ಕೋಟಿ ರೂಪಾಯಿ. ಟಾರ್ಗೆಟ್ ಇಟ್ಟುಕೊಂಡು ಮಾರುವವರು ಎಲ್ಲಾದರೂ ‘ಕಮ್ಮಿ ಕುಡಿ’ ಅಂತಾರಾ? ಹರಾಜು ಅಂದರೆ ಲೈಸೆನ್ಸಿನಿಂದಲೂ ದುಡ್ಡು, ಆಮೇಲೆ ಬಾಟಲಿಯಿಂದಲೂ ದುಡ್ಡು. ಕೌಂಟರ್ ಅಣ್ಣ ಹೇಳಿದ ಆ ಐದಾರು ಮುಖಗಳಿಗೆ ಮನೆ ಅಂತ ಒಂದಿರುತ್ತದೆ, ಅಲ್ವಾ?

ಲೆಕ್ಕಪತ್ರ

ಮೇಡಂ, ನಿಷೇಧ ಮಾಡಿ ನೋಡಿದ್ದೇವೆ. ಪಾನನಿರೋಧ ಇತ್ತು, 1967ರಲ್ಲಿ ತೆಗೆದರು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಗಡಿಯಾಚೆಯ ಕೃಷ್ಣಗಿರಿ ಕಡೆ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರು ಕೂಲಿಯವರೇ. ಪಬ್ಬಿಗೆ ಹೋಗುವ ಯಾರೂ ಸಾಯಲಿಲ್ಲ.

ತುಂಗಭದ್ರೆ

ನಾನು ನಿಷೇಧ ಮಾಡಿ ಎಂದೆನಾ? ನಡೆದವರು ಕೇಳಿದ್ದು ಅದು. ನಾನು ಕೇಳುತ್ತಿರುವುದು ಬೇರೆ. ಅಂಗಡಿ ಎಲ್ಲಿ ಬರಬೇಕು ಅಂತ ಸರ್ಕಾರ ಹೇಳುತ್ತೆ, ದುಡ್ಡಿದ್ದವನು ಹೇಳುತ್ತಾನೆ. ಆ ಬೀದಿಯ ಹೆಂಗಸರನ್ನು ಯಾರು ಕೇಳುತ್ತಾರೆ?

ಮಹಾರಾಷ್ಟ್ರದಲ್ಲಿ ಒಂದು ನಿಯಮ ಇದೆ. ಹಳ್ಳಿಯಲ್ಲೋ ವಾರ್ಡಿನಲ್ಲೋ ಸಾಕಷ್ಟು ಹೆಂಗಸರು ಅರ್ಜಿ ಹಾಕಿದರೆ ಗುಟ್ಟಿನ ಮತದಾನ ನಡೆಸುತ್ತಾರೆ. ಮತಪತ್ರದಲ್ಲಿ ಎರಡು ಚಿತ್ರ. ನಿಂತ ಬಾಟಲಿ, ಮಲಗಿದ ಬಾಟಲಿ. ಅರ್ಧಕ್ಕಿಂತ ಹೆಚ್ಚು ಮಹಿಳಾ ಮತದಾರರು ಮಲಗಿದ ಬಾಟಲಿಗೆ ಒತ್ತಿದರೆ ಅಂಗಡಿ ಮುಚ್ಚಬೇಕು. ಓದು ಬರಹ ಇಲ್ಲದ ಅಜ್ಜಿಗೂ ಅರ್ಥ ಆಗುತ್ತದೆ. ನಮ್ಮಲ್ಲಿ ಹೊಸ ನಿಯಮ ಬರೆಯುವವರಿಗೆ ಇದು ಕಾಣಲಿಲ್ಲವಾ?

ಲಾಸ್ಟ್ ಮೆಟ್ರೋ

ಕುಡಿಯುವವರು, ಕುಡಿಸುವವರು, ಪಕ್ಕದ ಮನೆಯವರು ಎಲ್ಲರೂ ಮಾತಾಡಿದರು. ಗ್ಲಾಸ್ ತೊಳೆಯುವವರ ಮಾತನ್ನು ಯಾರೂ ಎತ್ತಲಿಲ್ಲ. ನಾನು ಬಾರಿನಲ್ಲಿ ಟೇಬಲ್ ನೋಡಿಕೊಳ್ಳುವ ಸ್ಟೀವರ್ಡ್.

ಬಾಗಿಲು ಹಾಕುವುದು ಒಂದಕ್ಕೆ. ಆದರೆ ಕೊನೆ ಟೇಬಲ್ ಎದ್ದು, ಬಿಲ್ ಲೆಕ್ಕ ಕೂಡಿಸಿ, ನೆಲ ಒರೆಸುವಷ್ಟರಲ್ಲಿ ಎರಡು. ಮೆಟ್ರೋ ಹನ್ನೊಂದರ ಸುಮಾರಿಗೇ ಮುಗಿದಿರುತ್ತದೆ. ಆಟೋಗೆ ಕೊಟ್ಟರೆ ಅವತ್ತಿನ ಟಿಪ್ಸ್ ಹೋಯಿತು. ಹಾಗಾಗಿ ತುಂಬಾ ಹುಡುಗರು ಅಲ್ಲೇ ಮಲಗುತ್ತಾರೆ. ಅಟ್ಟದ ಮೇಲೆ, ಖಾಲಿ ಕ್ರೇಟ್‌ಗಳ ಪಕ್ಕ, ಹೊರಗಿನಿಂದ ಶಟರ್ ಎಳೆದು. 2018ರ ಜನವರಿಯಲ್ಲಿ ಕೆ.ಆರ್. ಮಾರ್ಕೆಟ್ ಹತ್ತಿರದ ಬಾರಿನಲ್ಲಿ ಬೆಂಕಿ ಬಿದ್ದು ಒಳಗೆ ಮಲಗಿದ್ದ ಐವರು ಕೆಲಸಗಾರರು ಸತ್ತರು. ಸಮಯ ಜಾಸ್ತಿ ಮಾಡಿದವರಿಗೆ ಆ ಹುಡುಗರು ಎಲ್ಲಿ ಮಲಗುತ್ತಾರೆ ಎಂದು ಕೇಳುವ ಯೋಚನೆ ಬರಲಿಲ್ಲ.

ಹಾಗಂತ ಮುಚ್ಚಿ ಎನ್ನುವವರ ಪರವೂ ನಾನಲ್ಲ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಎಂದು 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮಲ್ಲಿ ಲೈಸೆನ್ಸ್ ವರ್ಷ ಮುಗಿಯುವುದು ಜೂನ್ 30ಕ್ಕೆ. 2017ರ ಜುಲೈ 1ಕ್ಕೆ ಎಂ.ಜಿ. ರೋಡ್ ಸುತ್ತಮುತ್ತ ಬಾರ್‌ಗಳು ಬಾಗಿಲು ಹಾಕಿದವು. ಕೆಲವೇ ದಿನದಲ್ಲಿ ನಗರದ ಒಳಗಿನ ರಸ್ತೆಗಳಿಗೆ ಆ ಮಾತು ಅನ್ವಯ ಆಗಬೇಕಿಲ್ಲ ಎಂದು ಕೋರ್ಟೇ ಸ್ಪಷ್ಟಪಡಿಸಿತು. ಕಾಗದ ಓಡಾಡುವ ಹೊತ್ತಿಗೆ ನಮ್ಮ ಎಷ್ಟೋ ಹುಡುಗರು ಊರಿಗೆ ಹೋಗಿಬಿಟ್ಟಿದ್ದರು. ಮಾಲೀಕರು ತಡೆದುಕೊಂಡರು, ಬಾರ್ ಮತ್ತೆ ತೆರೆಯಿತು. ಹುಡುಗರಿಗೆ ಆ ತಿಂಗಳ ಸಂಬಳ ಯಾರು ಕೊಟ್ಟರು?

ಎರಡು ಪೆಗ್

ಇದು ಗೊತ್ತಿರಲಿಲ್ಲ ಗುರು. ಮುಂದಿನ ಸಲ ಹನ್ನೆರಡೂವರೆಗೆ ಏಳುತ್ತೇನೆ.

ಲಾಸ್ಟ್ ಮೆಟ್ರೋ

ಏಳಿ. ಗಾಡಿ ಓಡಿಸಬೇಡಿ. ಸಿಕ್ಕಿಬಿದ್ದರೆ ದಂಡ ಹತ್ತು ಸಾವಿರ.

ಟೊರಾಂಟೊ ಬಾವಿ

ದೂರದಿಂದ ಒಂದು ಮಾತು. ಇಲ್ಲಿ ಕೆನಡಾದ ಒಂಟಾರಿಯೊದಲ್ಲಿ ವಿಸ್ಕಿ, ಬ್ರಾಂದಿಯಂಥ ಸ್ಪಿರಿಟ್ಸ್ ಮಾರುವುದು ಬಹುಮಟ್ಟಿಗೆ ಸರ್ಕಾರಿ ಅಂಗಡಿಯೇ. 2024ರ ಸೆಪ್ಟೆಂಬರ್‌ನಿಂದ ಬಿಯರ್, ವೈನ್‌ನಂಥವು ಮೂಲೆ ಅಂಗಡಿಗೂ ಬಂದವು. ಆಗ ಇಲ್ಲೂ ಇದೇ ಜಗಳ. ಒಂದು ಪದ್ಧತಿ ಮಾತ್ರ ನನಗೆ ಇಷ್ಟ. ಹೊಸದಾಗಿ ಬಾರ್ ತೆರೆಯಲು ಅರ್ಜಿ ಹಾಕಿದರೆ, ಆ ಕಟ್ಟಡದ ಮುಂದೆಯೇ ದೊಡ್ಡ ಫಲಕ ಹಾಕಬೇಕು. ಇಂಥವರು ಇಲ್ಲಿ ಮದ್ಯ ಮಾರಲು ಅನುಮತಿ ಕೇಳಿದ್ದಾರೆ, ಆಕ್ಷೇಪಣೆ ಇದ್ದರೆ ಇಂಥ ದಿನದೊಳಗೆ ತಿಳಿಸಿ ಅಂತ. ಹಾಲು ತರಲು ಹೋದವರಿಗೂ ಕಣ್ಣಿಗೆ ಬೀಳುತ್ತದೆ.

ಹಳೇ ಬಡಾವಣೆ

ಇದೇ, ಇದೇ! ನಮ್ಮಲ್ಲಿ ಜನಕ್ಕೆ ಗೊತ್ತಾಗುವುದು ಫ್ರಿಜ್ ಇಳಿಸುವ ದಿನ. ಅಷ್ಟರಲ್ಲಿ ಲೈಸೆನ್ಸ್ ಆಗಿರುತ್ತದೆ, ಬಾಡಿಗೆ ಕರಾರು ಆಗಿರುತ್ತದೆ, ಪೂಜೆಯೂ ಮುಗಿದಿರುತ್ತದೆ. ಕೇಳಲು ಹೋದರೆ ಇಲಾಖೆಯಿಂದ ಪಾಲಿಕೆಗೆ, ಪಾಲಿಕೆಯಿಂದ ಪೊಲೀಸರಿಗೆ ಅಲೆದಾಟ. 2025ರ ಸೆಪ್ಟೆಂಬರ್‌ನಿಂದ ಒಂದು ಪಾಲಿಕೆ ಇದ್ದದ್ದು ಐದಾಗಿದೆ. ಅಬಕಾರಿ ಲೈಸೆನ್ಸ್ ಮಾತ್ರ ಇಲಾಖೆಯ ಕೈಯಲ್ಲೇ ಇದೆ. ವಾರ್ಡಿನವರು ಬೀದಿದೀಪದ ಬಗ್ಗೆ ಮಾತಾಡಬಹುದು, ಬಾರಿನ ಬಗ್ಗೆ ಇಲ್ಲ.

ಹರಾಜು ಹಾಕುವುದೇ ಆದರೆ ಹಾಕಲಿ. ಲೈಸೆನ್ಸ್ ಗೆದ್ದವನು ಜಾಗ ತೋರಿಸಿದ ದಿನವೇ ಅಲ್ಲಿ ಫಲಕ ನಿಲ್ಲಬೇಕು. ಒಂದು ತಿಂಗಳು ಬಿಟ್ಟು ವಿಚಾರಣೆ ಆ ಬೀದಿಯಲ್ಲೇ ನಡೆಯಬೇಕು.

ಕೌಂಟರ್ ಹಿಂದೆ

ಒಳ್ಳೆ ಆಸೆ. ಏನಾಗುತ್ತೆ ಹೇಳಲಾ? ಫಲಕ ನಿಂತ ಸಂಜೆಯೇ ಲೋಕಲ್ ಲೀಡರ್ ಬರುತ್ತಾನೆ. ‘ಜನ ವಿರೋಧ ಮಾಡ್ತಿದ್ದಾರೆ, ನಾನು ಸಮಾಧಾನ ಮಾಡ್ತೀನಿ’ ಅಂತಾನೆ. ಸಮಾಧಾನಕ್ಕೆ ಒಂದು ರೇಟು. ಈಗ ಪಾಲು ಕೇಳುವವರೇ ಸಾಲದೆ ಇನ್ನೊಬ್ಬನಿಗೆ ಕುರ್ಚಿ ಹಾಕಿಕೊಟ್ಟ ಹಾಗೆ.

ತುಂಗಭದ್ರೆ

ಅದಕ್ಕೇ ಗುಟ್ಟಿನ ಮತ ಎಂದದ್ದು. ಒಬ್ಬ ಲೀಡರನ್ನು ಕೊಳ್ಳಬಹುದು, ಎಂಟುನೂರು ಹೆಂಗಸರನ್ನು ಕೊಳ್ಳುವುದು ಅಷ್ಟು ಸುಲಭ ಅಲ್ಲ. ಚುನಾವಣೆಯಲ್ಲಿ ಸೀರೆ ಹಂಚುತ್ತಾರೆ ಅಂತೀರೇನೋ. ಸೀರೆ ತಗೊಂಡು ಬೇಕಾದವರಿಗೇ ಒತ್ತುತ್ತೇವೆ.

ಲೆಕ್ಕಪತ್ರ

ಫಲಕಕ್ಕೆ ನನ್ನ ಒಪ್ಪಿಗೆ ಇದೆ. ಮತದಾನಕ್ಕೆ ಇಲ್ಲ. ಮೇಲ್ಮಧ್ಯಮ ವರ್ಗದ ಬಡಾವಣೆಗಳು ಒಟ್ಟಾಗಿ ‘ಬೇಡ’ ಎನ್ನುತ್ತವೆ. ಅಂಗಡಿಗಳೆಲ್ಲ ಮತ ಹಾಕಲು ಬಿಡುವಿಲ್ಲದ ಕೂಲಿ ಕೇರಿಗಳ ಪಕ್ಕ ಹೋಗಿ ನಿಲ್ಲುತ್ತವೆ. ಮೇಡಂ ಹೇಳುವ ಹೆಂಗಸರಿಗೇ ಮೊದಲ ಪೆಟ್ಟು.

ತುಂಗಭದ್ರೆ

ಈಗ ಎಲ್ಲಿ ನಿಂತಿವೆ ಅಂದುಕೊಂಡಿದ್ದೀರಿ?

ಕೌಂಟರ್ ಹಿಂದೆ

ನಮ್ಮ ಯಜಮಾನರಿಗೆ ಈ ಚರ್ಚೆ ಓದಿ ಹೇಳಿದೆ. ಫಲಕ ಹಾಕಲು ಅವರು ರೆಡಿ ಅಂತೆ, ಆದರೆ ಹೊಸಬರಿಗೆ ಮಾತ್ರ ಅಲ್ಲ. ಪ್ರತಿ ಜೂನ್‌ನಲ್ಲಿ ನವೀಕರಣ ಆಗುವಾಗ ಎಲ್ಲರೂ ಹಾಕಲಿ, ಎದುರುಗಡೆ ಲಾಡ್ಜಿನವನೂ ಹಾಕಲಿ ಅಂದರು. ತಳ್ಳುಗಾಡಿ ವಿಷಯ ಮಾತ್ರ ನಾನು ಓದಿ ಹೇಳಲಿಲ್ಲ.